ಕಮೋಡ್ ಕುರ್ಚಿಗೆ ಮೆಡಿಕೇರ್ ಯಾವಾಗ ಕೊಡುತ್ತೆ?

ಅಮೆರಿಕದಲ್ಲಿ ನಿಮ್ಮ ಜೊತೆಗಿರೋ ಅಪ್ಪ-ಅಮ್ಮನಿಗೆ ಮೆಡಿಕೇರ್ ಪಾರ್ಟ್ ಬಿ ಇದ್ಯಾ? ಮಂಚದ ಪಕ್ಕ ಇಡೋ ಕಮೋಡ್ ಕುರ್ಚಿಗೆ ಅದರಲ್ಲಿ ದುಡ್ಡು ಸಿಗುತ್ತೆ. ಆದರೆ "ಮಂಡಿ ನೋವು, ನಡೆಯೋಕೆ ಕಷ್ಟ" ಅಂತಷ್ಟೇ ಡಾಕ್ಟರ್ ಬರೆದ್ರೆ ಸಾಲದು. ಕೋಣೆ ಬಿಟ್ಟು ಹೊರಗೆ ಬರೋಕಾಗಲ್ಲ, ಅಥವಾ ಅವರಿರೋ ಮಹಡಿಯಲ್ಲಿ ಟಾಯ್ಲೆಟ್ಟೇ ಇಲ್ಲ, ಮೆಟ್ಟಿಲು ಹತ್ತಿಳಿಯೋಕಾಗಲ್ಲ ಅನ್ನೋದು ವೈದ್ಯಕೀಯ ದಾಖಲೆಯಲ್ಲೇ ಇರಬೇಕು. ಡಾಕ್ಟರ್ ನಿಮ್ಮ ಮನೆ ನೋಡಿರಲ್ಲ. ಟಾಯ್ಲೆಟ್ ಎಲ್ಲಿದೆ, ಮೆಟ್ಟಿಲು ಎಲ್ಲಿದೆ, ನೀವೇ ಬಿಡಿಸಿ ಹೇಳಿ. ಅವರ ಸಹಿಯಿರೋ ಆರ್ಡರ್, ಕುರ್ಚಿ ಮನೆ ತಲುಪಿದ್ದಕ್ಕೆ ಪುರಾವೆ, ಎರಡೂ ಬೇಕು. ವರ್ಷದ ಡಿಡಕ್ಟಿಬಲ್ ಆದಮೇಲೆ ಸಾಮಾನ್ಯವಾಗಿ 20% ನಿಮ್ಮ ಪಾಲು. ಟಾಯ್ಲೆಟ್ ಮೇಲೆ ಕೂರಿಸೋ ಎತ್ತರದ ಸೀಟಿಗೆ ಮಾತ್ರ ಮೆಡಿಕೇರ್ ಕೊಡಲ್ಲ. ವಯಸ್ಸಾದವರು ಬೀಳದ ಹಾಗೆ ಕಾಯೋ ಸೀಟು ಅದು. ಈ ನಿಯಮ ಬದಲಾಗಲೇಬೇಕು.