ಉತ್ತರನ ಸೈಕಲ್ಲು

ಹಾನಗಲ್ಲಿನ ಜನ ತಮ್ಮ ಊರನ್ನು ವಿರಾಟನಗರಿಯೆಂದು ನಂಬಿದವರು. ಪಾಂಡವರು ಅಜ್ಞಾತವಾಸವನ್ನು ಕಳೆದದ್ದು ಇಲ್ಲಿ, ಕೀಚಕನು ಹತನಾದದ್ದು ಇಲ್ಲಿ ಎಂದು ಬಂದವರಿಗೆಲ್ಲ ಹೇಳುವರು. ಇತಿಹಾಸಜ್ಞರು ಇದನ್ನು ಒಪ್ಪಲಿ, ಬಿಡಲಿ. ಇಂಥ ಊರಿನಲ್ಲಿ ಹುಟ್ಟಿ, ಕನ್ನಡದ ಅಧ್ಯಾಪಕನಾಗಿ, ವರುಷಕ್ಕೊಮ್ಮೆಯಾದರೂ ಉತ್ತರಕುಮಾರನ ಪ್ರಸಂಗವನ್ನು ತರಗತಿಯಲ್ಲಿ ಹೇಳುವ ನನ್ನಂಥವನಿಗೆ ಆ ನಂಬಿಕೆಯಿಂದ ಬಿಡುಗಡೆಯಿಲ್ಲ.

ಉತ್ತರನು ಹೆಂಗಳೆಯರ ಮುಂದೆ ಪೌರುಷ ಕೊಚ್ಚುವಾಗ, ಕೌರವಸೇನೆಯನ್ನು ಕಂಡು ರಥದಿಂದ ಧುಮುಕಿ ಓಡುವಾಗ ವಿದ್ಯಾರ್ಥಿಗಳು ಬಿದ್ದು ಬಿದ್ದು ನಗುತ್ತಾರೆ. 'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆಯನ್ನು ಯಾರಾದರೊಬ್ಬರು ಹಿಂದಿನ ಬೆಂಚಿನಿಂದ ಒದಗಿಸಿಯೇ ತೀರುತ್ತಾರೆ. ಅಲ್ಲಿಯವರೆಗೆ ನಾನೂ ನಗುತ್ತೇನೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲವಷ್ಟೆ. ಯುದ್ಧ ಗೆದ್ದವನು ಬೃಹನ್ನಳೆಯ ವೇಷದ ಅರ್ಜುನ. ಪಟ್ಟಣ ಸಿಂಗರಗೊಂಡದ್ದು ಉತ್ತರನಿಗಾಗಿ. ಬೃಹನ್ನಳೆಯಿದ್ದ ಮೇಲೆ ಗೆಲುವಿಗೇನು ಕೊರತೆಯೆಂದ ಕಂಕನ ಮುಖಕ್ಕೆ ವಿರಾಟನು ಪಗಡೆಯ ದಾಳವನ್ನು ಎಸೆದು ನೆತ್ತರು ಬರಿಸುತ್ತಾನೆ. ಈ ಭಾಗ ಬಂದೊಡನೆ ನಾನು ಗಡಿಯಾರ ನೋಡಿಕೊಳ್ಳುತ್ತೇನೆ. ಏಕೆಂದರೆ ಆ ಸಿಂಗರಿಸಿದ ಬೀದಿಯಲ್ಲಿ ನಾನೂ ಒಮ್ಮೆ ಬಂದವನು. ರಥದಲ್ಲಿ ಅಲ್ಲ, ಸೈಕಲ್ಲಿನ ಮೇಲೆ.

ಅದು ೧೯೯೭ನೆಯ ಇಸವಿ. ಧಾರವಾಡದಿಂದ ಬೇರೆಯಾಗಿ ಹಾವೇರಿ ಹೊಸ ಜಿಲ್ಲೆಯಾದ ವರುಷ. ನಮ್ಮ ಕಡೆ ನಾಗರಪಂಚಮಿಯೆಂದರೆ ಹೆಣ್ಣುಮಕ್ಕಳಿಗೆ ಜೋಕಾಲಿ, ಎಲ್ಲರಿಗೂ ಉಂಡಿ, ಗಂಡುಹುಡುಗರಿಗೆ ಪಂಥ. ಎಷ್ಟು ಎಸೆತಕ್ಕೆ ನಿಂಬೆಹಣ್ಣು ಮುಂದಿನ ಊರನ್ನು ಮುಟ್ಟೀತೆಂದು ಪಂಥ ಕಟ್ಟುವವರ ನಾಡಿದು. ಆ ವರುಷ ನಮ್ಮ ಓಣಿಯ ಹಿರಿಯರು ಸೈಕಲ್ ಶರ್ಯತ್ತು ಇಟ್ಟರು. ಹಾನಗಲ್ಲಿನಿಂದ ಅಕ್ಕಿಆಲೂರಿಗೆ ಹೋಗಿ ಮುಟ್ಟಿ ಬರುವುದು. ಮೊದಲು ಬಂದವನಿಗೆ ಒಂದು ಹಿತ್ತಾಳೆಯ ಕೊಡ.

ನನ್ನದು ತಂದೆ ಕೊಡಿಸಿದ ಹೊಸ ಸೈಕಲ್ಲು. ನನ್ನ ಗೆಳೆಯನದು ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ತಂದದ್ದು. ಮಡ್‌ಗಾರ್ಡು ಸಡಿಲಾಗಿ ಗಡಗಡ ಎನ್ನುತ್ತಿದ್ದುದು. ಹೋಗುವಾಗ ಗಾಳಿ ನಮ್ಮ ಬೆನ್ನಿಗಿತ್ತು, ಎಲ್ಲರೂ ಶೂರರೇ. ಅಕ್ಕಿಆಲೂರು ಮುಟ್ಟಿ ತಿರುಗಿದೆವೋ ಇಲ್ಲವೋ, ಶ್ರಾವಣದ ಪಡುವಣ ಗಾಳಿ ಎದೆಗೆ ಕೈಕೊಟ್ಟು ನೂಕಿದಂತಾಯಿತು. ಒಬ್ಬೊಬ್ಬರೇ ಹಿಂದುಳಿದರು. ನಾನೂ ಸೋತು ಗೆಳೆಯನ ಹಿಂದಿನ ಗಾಲಿಗೆ ಅಂಟಿಕೊಂಡೆ. ಅಂಟಿಕೊಂಡೊಡನೆ ವಿಚಿತ್ರವೊಂದು ನಡೆಯಿತು: ಗಾಳಿಯೇ ನಿಂತುಹೋದ ಹಾಗೆ ಕಾಲು ಹಗುರವಾದವು. ಊರು ಕಾಣುವವರೆಗೂ ಅವನು ತಲೆ ತಗ್ಗಿಸಿ ತುಳಿದ. ನಾನು ಅವನ ಬೆನ್ನಿನ ಮರೆಯಲ್ಲಿ ಸುಖವಾಗಿ ಬಂದೆ. ಕಟ್ಟಕಡೆಗೆ ಅವನ ಕಾಲು ಬತ್ತಿದ್ದುವು, ನನ್ನವು ಬತ್ತಿರಲಿಲ್ಲ. ಪಕ್ಕಕ್ಕೆ ಸರಿದು, ಎರಡು ಸೈಕಲ್ಲಿನ ಅಂತರದಿಂದ ಗೆದ್ದೆ.

ಗುಲಾಲು ಎರಚಿದರು, ಹೆಗಲ ಮೇಲೆ ಹೊತ್ತರು. ಗೆಲುವಿನ ಗುಟ್ಟೇನೆಂದು ಹಿರಿಯರೊಬ್ಬರು ಕೇಳಿದರು. "ದಿನಾ ಎರಡು ಹೊತ್ತು ಹಾಲು ಕುಡೀತೀನ್ರಿ" ಎಂದೆ. ಎಲ್ಲರೂ ಮೆಚ್ಚಿ ತಲೆದೂಗಿದರು. ಗೆಳೆಯ ಆ ಗುಂಪಿನಲ್ಲಿರಲಿಲ್ಲ. ಬಾಡಿಗೆಯ ಸೈಕಲ್ಲನ್ನು ಒಪ್ಪಿಸಿ ಬರಲು ಹೋಗಿದ್ದ.

ಹಾಲಿನ ಮಹಿಮೆಯನ್ನು ನಾನೇ ಬಹಳ ಕಾಲ ನಂಬಿದ್ದೆ. ನಿಜ ತಿಳಿದದ್ದು ಅಧ್ಯಾಪಕನಾದ ಮೇಲೆ, ಸೈಕಲ್ ಪಂದ್ಯಗಳ ಕಥೆಗಳನ್ನು ಓದುವ ಹುಚ್ಚು ಹಿಡಿದಾಗ. ಸಮತಟ್ಟು ಹಾದಿಯಲ್ಲಿ ವೇಗ ಹೆಚ್ಚಿದಂತೆ ಸವಾರನ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ವೆಚ್ಚವಾಗುತ್ತದೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಮಡಿಯಾಗುತ್ತದೆ. ಅದನ್ನು ಗೆಲ್ಲಲು ಬೇಕಾದ ಶಕ್ತಿ ಎಂಟುಮಡಿಯಾಗುತ್ತದೆ. ಮುಂದಿನವನ ಗಾಲಿಗೆ ಹತ್ತಿ ಬರುವವನಿಗಾದರೋ ಈ ಶ್ರಮದಲ್ಲಿ ಕಾಲುಭಾಗಕ್ಕೂ ಮಿಕ್ಕಿ ಉಳಿಯುತ್ತದೆ. ನೂರಾರು ಮೈಲಿಯ ಪಂದ್ಯಗಳ ಹೂಟವೆಲ್ಲ ಈ ಒಂದು ಲೆಕ್ಕದ ಮೇಲೆ ನಿಂತಿದೆ.

ಫ್ರಾನ್ಸ್ ದೇಶವನ್ನು ಸುತ್ತುವ 'ಟೂರ್ ದ ಫ್ರಾನ್ಸ್' ಪಂದ್ಯವು ಒಂದು ಪತ್ರಿಕೆಯ ಮಾರಾಟ ಹೆಚ್ಚಿಸಲೆಂದು ೧೯೦೩ರಲ್ಲಿ ಆರಂಭವಾಯಿತು. ಅದರಲ್ಲಿ ಗೆಲ್ಲುವವನು ಒಬ್ಬ. ಅವನ ಮುಂದೆ ಗಾಳಿಗೆ ಎದೆಯೊಡ್ಡಿ ತುಳಿಯುವವರು, ನೀರು ತಂದು ಕೊಡುವವರು, ಗಾಲಿ ಕೆಟ್ಟರೆ ತಮ್ಮ ಗಾಲಿಯನ್ನೇ ಬಿಚ್ಚಿ ಕೊಡುವವರು ಹಲವರು. ಇವರಿಗೆ ಫ್ರೆಂಚರು ಇಟ್ಟ ಹೆಸರಿನ ಅರ್ಥ 'ಮನೆಯಾಳು' ಎಂದು. ನಮ್ಮ ಸೀಮೆಯವರಿಗೆ ಇದನ್ನು ವಿವರಿಸಬೇಕಾದದ್ದಿಲ್ಲ. ದೀಪಾವಳಿ ಕಳೆದ ಮೇಲೆ ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರುಗಳಲ್ಲಿ ಕೊಬ್ಬರಿ ಹೋರಿ ಬೆದರಿಸುವುದನ್ನು ನೋಡಿದವರಿಗೆ ಗೊತ್ತು: ಹೋರಿಯ ಹೆಸರು ಊರೂರಿಗೆ ಹಬ್ಬುತ್ತದೆ, ಮೇವು ಹಾಕಿದವನ ಹೆಸರು ಕೊಟ್ಟಿಗೆಯಲ್ಲೇ ಉಳಿಯುತ್ತದೆ.

೧೯೩೪ರ ಪಂದ್ಯದಲ್ಲಿ ರೆನೆ ವಿಯೆತ್ತೊ ಎಂಬ ಇಪ್ಪತ್ತು ವರುಷದ ಹುಡುಗನಿದ್ದ. ಬೆಟ್ಟ ಏರುವುದರಲ್ಲಿ ಅವನನ್ನು ಮೀರಿಸುವವರು ಅಪರೂಪ. ಪಿರೆನೀಸ್ ಪರ್ವತದ ಇಳುಕಲಿನಲ್ಲಿ ಅವನ ತಂಡದ ನಾಯಕ ಆಂತೊನ್ಯಾಂ ಮಾನ್ಯ ಬಿದ್ದು ಗಾಲಿ ಮುರಿದುಕೊಂಡ. ಹುಡುಗ ತನ್ನ ಗಾಲಿಯನ್ನು ಬಿಚ್ಚಿ ಕೊಟ್ಟು, ಬೇರೆ ಗಾಲಿ ಬರುವವರೆಗೆ ದಾರಿಬದಿಯ ಕಲ್ಲುಗೋಡೆಯ ಮೇಲೆ ಕುಳಿತು ಅತ್ತ. ಆ ಭಾವಚಿತ್ರ ಇಂದಿಗೂ ಪ್ರಸಿದ್ಧ. ಮರುದಿನ ನಾಯಕನ ಸೈಕಲ್ಲು ಮತ್ತೆ ಕೆಟ್ಟಿತು. ಮುಂದೆ ಹೋಗಿದ್ದ ಹುಡುಗ ಸುದ್ದಿ ತಿಳಿದು, ಇಳಿದ ಬೆಟ್ಟವನ್ನೇ ತಿರುಗಿ ಏರಿ ಬಂದು, ತನ್ನ ಸೈಕಲ್ಲನ್ನು ಒಪ್ಪಿಸಿದ. ಆ ವರುಷ ಮಾನ್ಯನೇ ಗೆದ್ದ, ವಿಯೆತ್ತೊ ಐದನೆಯವನಾದ.

ಇನ್ನೊಂದು ಕಥೆ ೧೯೫೨ರದು. ಇಟಲಿಯ ಮಹಾವೀರ ಫೌಸ್ತೊ ಕೊಪ್ಪಿಯ ಆಳು ಆಂದ್ರೆಯಾ ಕಾರ್ರೆಯಾ ಒಂದು ದಿನ ಮುಂದೆ ಹೋದವರ ಗುಂಪಿನಲ್ಲಿ ಸೇರಿ, ತನಗರಿವಿಲ್ಲದೆಯೇ ಒಟ್ಟು ಲೆಕ್ಕದಲ್ಲಿ ಮೊದಲಿಗನಾದ. ಮೊದಲಿಗನು ತೊಡುವ ಹಳದಿ ಅಂಗಿಯನ್ನು ತೊಡಿಸಿದಾಗ ಅವನು ಸಂತೋಷಪಡಲಿಲ್ಲ. ಯಜಮಾನನದನ್ನು ಕಸಿದೆನಲ್ಲಾ ಎಂದು ಕಣ್ಣೀರಿಟ್ಟು ಕೊಪ್ಪಿಯ ಕ್ಷಮೆ ಬೇಡಿದ. ಮರುದಿನ ಆಲ್ಪ್ ದ್ಯುಯೆಜ್ ಬೆಟ್ಟದ ಮೇಲೆ ಕೊಪ್ಪಿ ಗೆದ್ದು ಅಂಗಿಯನ್ನು ತೊಟ್ಟ. ಅದೇ ಪಂದ್ಯದ ಒಂದು ಭಾವಚಿತ್ರದಲ್ಲಿ ಕೊಪ್ಪಿಗೂ ಅವನ ಪ್ರತಿಸ್ಪರ್ಧಿ ಜಿನೊ ಬಾರ್ತಲಿಗೂ ನಡುವೆ ನೀರಿನ ಸೀಸೆಯೊಂದು ಕೈಬದಲಾಗುತ್ತಿದೆ. ಕೊಟ್ಟವನು ಯಾರು, ತೆಗೆದುಕೊಂಡವನು ಯಾರು ಎಂದು ಇಟಲಿಯ ಜನ ದಶಕಗಳ ಕಾಲ ವಾದಿಸಿದರು.

ನನ್ನ ಪಂಥದಲ್ಲಿ ಅಂಥ ವಾದಕ್ಕೆ ಎಡೆಯಿರಲಿಲ್ಲ. ಕೊಟ್ಟವನು ಯಾರೆಂಬುದು ಗೊತ್ತಿದ್ದವನು ನಾನೊಬ್ಬನೇ, ಇಲ್ಲವೆ ನಾವಿಬ್ಬರೇ. ಉತ್ತರನಾದರೂ ಸಭೆಗೆ ಬಂದು, ಗೆದ್ದವನು ತಾನಲ್ಲವೆಂದು ತಂದೆಯ ಮುಂದೆ ಒಪ್ಪಿಕೊಂಡ. ನಾನು ಹಾಲಿನ ಹೆಸರು ಹೇಳಿದ್ದೆ. ಗೆಳೆಯ ಓದು ಬಿಟ್ಟು ಸೋದರಮಾವನ ಊರಿಗೆ ಹೋದ. ಹಿರೇಕೆರೂರು ಸೀಮೆಯಲ್ಲಿ, ಚಿಕ್ಕೇರೂರಿನ ಹಾದಿಯ ಒಂದು ಹಳ್ಳಿಯಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆಂದು ಕೇಳಿದ್ದೆ. ನಲವತ್ತೈದು ಕಿಲೋಮೀಟರಿನೊಳಗಿನ ಆ ಹಾದಿಯನ್ನು ಕ್ರಮಿಸಲು ನನಗೆ ಇಪ್ಪತ್ತೆಂಟು ವರುಷ ಬೇಕಾದುವು.

ನಲವತ್ತು ದಾಟಿದ ಮೇಲೆ, ಸಕ್ಕರೆ ಕಾಯಿಲೆಯ ಭಯಕ್ಕೆ, ಗೇರಿನ ಸೈಕಲ್ಲೊಂದನ್ನು ಕೊಂಡೆ. ಸಹೋದ್ಯೋಗಿಗಳು ನಕ್ಕರು, ಮನೆಯಾಕೆ ಬೆಲೆ ಕೇಳಿ ನಗುವುದನ್ನೂ ಮರೆತಳು. ಹವ್ಯಾಸಿಗಳಲ್ಲಿ 'ಬ್ರೆವೆ' ಎಂಬ ಕ್ರಮವಿದೆ: ೨೦೦ ಕಿಲೋಮೀಟರನ್ನು ಹದಿಮೂರೂವರೆ ತಾಸಿನೊಳಗೆ ಮುಗಿಸಬೇಕು, ಮೊದಲಿಗನೆಂದಿಲ್ಲ, ಕಡೆಯವನೆಂದಿಲ್ಲ. ಕಳೆದ ಶ್ರಾವಣದಲ್ಲಿ ನಾನೇ ಒಂದು ಸುತ್ತು ಹಾಕಿಕೊಂಡೆ. ಹಾನಗಲ್ಲು, ಬಂಕಾಪುರ, ಶಿಗ್ಗಾವಿ, ಸವಣೂರು, ಹಾವೇರಿ, ಹಿರೇಕೆರೂರು, ಚಿಕ್ಕೇರೂರು, ಅಕ್ಕಿಆಲೂರು, ತಿರುಗಿ ಹಾನಗಲ್ಲು. ಇನ್ನೂರಕ್ಕೆ ತುಸು ಕಡಿಮೆ.

ನಸುಕಿನಲ್ಲಿ ಹೊರಟು ಬಂಕಾಪುರ ಸೇರುವಾಗ ಕೋಟೆಯ ಕಡೆಯಿಂದ ನವಿಲುಗಳ ಕೂಗು ಕೇಳಿಸಿತು. ಅಲ್ಲಿಂದ ಶಿಗ್ಗಾವಿಯವರೆಗೆ ಹೆದ್ದಾರಿ. ಲಾರಿಗಳು ಹಾದುಹೋದಾಗ ಅವುಗಳ ಗಾಳಿಯೇ ನಮ್ಮನ್ನು ಎಳೆದುಕೊಂಡು ಹೋಗುವಂತಾಗುತ್ತದೆ. ಕನಕದಾಸರ ಬಾಡವೂ ಷರೀಫ ಸಾಹೇಬರ ಶಿಶುನಾಳವೂ ಈ ತಾಲೂಕಿನವೇ. ಇಬ್ಬರಿಗೂ ಮನಸ್ಸಿನಲ್ಲೇ ಕೈಮುಗಿದೆ. ಶಿಗ್ಗಾವಿಯಿಂದ ಮೂಡಲಿಗೆ ತಿರುಗಿದಾಗ ಗಾಳಿ ಬೆನ್ನಿಗೆ ಬಂತು. ಸವಣೂರನ್ನು ತುಳಿಯದೆಯೇ ತಲುಪಿದೆನೆಂದರೆ ಅತಿಶಯೋಕ್ತಿ ಸ್ವಲ್ಪವೇ. ಅಲ್ಲಿಯ ಮಠದ ದೊಡ್ಡಹುಣಸೆ ಮರಗಳನ್ನು ಕಂಡು ಬಂದೆ. ಆಫ್ರಿಕಾ ಮೂಲದ ಆ ಮೂರು ಮಹಾವೃಕ್ಷಗಳಲ್ಲಿ ಒಂದು ೨೦೨೩ರ ಮಳೆಗಾಲದಲ್ಲಿ ಉರುಳಿತ್ತು. ಜನ ಅದನ್ನು ಎತ್ತಿ ಮತ್ತೆ ನೆಟ್ಟರು. ಬಿದ್ದ ಮರವನ್ನು ಎತ್ತಿ ನಿಲ್ಲಿಸಬಹುದೆಂದು ತೋರಿದ ಊರಿನಲ್ಲಿ ಚಹ ಕುಡಿದು ಮುಂದೆ ನಡೆದೆ.

ಹಾವೇರಿ ದಾಟಿ ಹಿರೇಕೆರೂರಿನ ಹಾದಿ ಹಿಡಿದಾಗ ಇಬ್ಬದಿಯಲ್ಲೂ ಆಳೆತ್ತರದ ಗೋವಿನಜೋಳ. ಮಧ್ಯಾಹ್ನ ತಿರುಗಿತ್ತು, ಗಾಳಿಯೂ ತಿರುಗಿದಂತೆ ತೋರಿತು, ನಿಜಕ್ಕೆ ತಿರುಗಿದವನು ನಾನು. ಪಡುವಣಕ್ಕೆ ಮುಖಮಾಡಿ ಒಬ್ಬನೇ ತುಳಿಯುತ್ತಿರುವಾಗ, ಆ ದಿನ ನನ್ನ ಮುಂದೆ ಇದ್ದ ಬೆನ್ನು ಎಷ್ಟು ದೊಡ್ಡದಾಗಿತ್ತೆಂಬುದು ಗಾಲಿಯ ಒಂದೊಂದು ಸುತ್ತಿಗೂ ನೆನಪಿಗೆ ಬಂತು.

ಅಂಗಡಿಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಕಣ್ಣಿನ ಕಪ್ಪು ಗಾಜು ತೆಗೆದು ನೋಡಿದವನೇ, "ಏನೋ ಮಾಸ್ತರ, ಬಸ್ಸಿಗೆ ರೊಕ್ಕ ಇರಲಿಲ್ಲೇನು?" ಎಂದ. ಅವಲಕ್ಕಿ ತರಿಸಿದ. ಅರ್ಧ ತಾಸು ಮಕ್ಕಳ ಓದು, ಮಳೆ ಬೆಳೆ ಮಾತಾಡಿದೆವು. ಕಡೆಗೆ ಧೈರ್ಯಮಾಡಿ ಪಂಥದ ಮಾತನ್ನೆತ್ತಿದೆ. ಗಾಳಿಯ ಲೆಕ್ಕವನ್ನೂ, ವಿಯೆತ್ತೊನ ಕಥೆಯನ್ನೂ ಹೇಳಿ, "ಅವತ್ತು ಗೆದ್ದಾಂವ ನಾನಲ್ಲ, ನೀನು" ಎಂದೆ.

ಅವನು ಬಿದ್ದು ನಕ್ಕ. "ಗಾಳಿ ನನಗೇನ ಗೊತ್ತಪಾ? ಒಂದ ತಾಸಿನ ಬಾಡಿಗಿ ಕೊಟ್ಟಿದ್ದೆ. ತಾಸು ಮೀರಿದ್ರ ಇನ್ನೊಂದು ತಾಸಿನ ರೊಕ್ಕ ಎಲ್ಲಿಂದ ತರ್ಲಿ? ಅದಕ್ಕ ಜೀವ ಬಿಟ್ಟು ತುಳಿದೆ. ಹಿಂದ ನೀ ಇದ್ದದ್ದು ನೋಡಾಕ ಪುರಸೊತ್ತ ಇರಲಿಲ್ಲ."

ನನ್ನ ಇಷ್ಟು ವರುಷದ ಪಶ್ಚಾತ್ತಾಪ ಒಂದು ನಗೆಯಲ್ಲಿ ಹಗುರವಾಯಿತೆಂದುಕೊಂಡೆ. ಆಗ ಅವನು ಇಕ್ಕಳವನ್ನು ಕೆಳಗಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: "ಕೊಡ ಮಾತ್ರ ಅವ್ವಗ ಬೇಕಾಗಿತ್ತು. ನಮ್ಮನ್ಯಾಗ ಇದ್ದದ್ದು ಸೋರತಿತ್ತು. ಯಾರು ಗೆದ್ರು ಅಂತ ಕೇಳಿದ್ಲು. ನಿನ್ನ ಹೆಸರ ಹೇಳಿದೆ. 'ಇರಲಿ ಬಿಡು, ಅಂವಾನೂ ನಮ್ಮ ಹುಡುಗನ ಅಲ್ಲೇನು' ಅಂದ್ಲು."

ಆ ತಾಯಿಯ ಕೈಯ ಶೇಂಗಾ ಉಂಡಿಯನ್ನು ಪ್ರತಿ ಪಂಚಮಿಗೂ ತಿಂದವನು ನಾನು. ಅವಳೀಗ ಇಲ್ಲ. ಕೊಡ ನಮ್ಮ ಮನೆಯ ಅಟ್ಟದ ಮೇಲಿದೆ. ನಮ್ಮ ಮನೆಯಲ್ಲಿ ಅಂದೂ ಕೊಡಗಳಿಗೆ ಕೊರತೆಯಿರಲಿಲ್ಲ. ಏನು ಹೇಳಬೇಕೆಂಬುದು ನನಗೆ ತೋಚಲಿಲ್ಲ. ಮಾತನ್ನೇ ಕಸುಬು ಮಾಡಿಕೊಂಡವನಿಗೆ ಮಾತು ಕೈಕೊಡುವುದು ಇಂಥ ಹೊತ್ತಿನಲ್ಲಿಯೇ.

ಹೊರಡುವಾಗ ಅವನು ಗೋಡೆಗೆ ಒರಗಿಸಿದ್ದ ಹಳೆಯ ಹೀರೋ ಸೈಕಲ್ಲನ್ನು ತೆಗೆದು, "ಊರ ದಾಟೋ ತನಕ ಬರ್ತೀನಿ ನಡಿ" ಎಂದ. ಹಾದಿಗೆ ಬಿದ್ದೊಡನೆ ಗಾಳಿ ಎದುರಾಯಿತು. ಅವನು ಅಭ್ಯಾಸದಂತೆ ಮುಂದಾಗಲು ನೋಡಿದ. ನಾನು ಬಿಡಲಿಲ್ಲ, ನಾನು ಮುಂದಾದೆ. ತಲೆ ತಗ್ಗಿಸಿ, ಅವನ ವೇಗಕ್ಕೆ ನನ್ನ ವೇಗವನ್ನು ಹೊಂದಿಸಿ, ಗಾಳಿಯನ್ನು ಎದೆಯಿಂದ ಸರಿಸುತ್ತ ತುಳಿದೆ. ಹಿಂದಿನಿಂದ ಅವನ ಸರಪಳಿಯ ಸದ್ದು ಬಿಡದೆ ಬರುತ್ತಿತ್ತು. ಊರು ದಾಟಿ ಎಷ್ಟೋ ದೂರ ಬಂದ ಮೇಲೆ ಆ ಸದ್ದು ನಿಂತಿತು. ತಿರುಗಿ ನೋಡಿದರೆ ಕಾಲೂರಿ ನಿಂತು ಕೂಗುತ್ತಿದ್ದ: "ಮಾಸ್ತರ, ಬಾಡಿಗಿ ತಾಸು ಮುಗೀತೋ!"

ಹಾನಗಲ್ಲು ಮುಟ್ಟಿದಾಗ ಕತ್ತಲಾಗಿತ್ತು. ಲೆಕ್ಕದ ಹೊತ್ತೂ ಮೀರಿತ್ತು. ಉತ್ತರನು ಅಂದೇ ಸಭೆಯಲ್ಲಿ ಹೇಳಿದ ಮಾತನ್ನು ನಾನು ತಡವಾಗಿಯಾದರೂ ಈ ಪುಟದಲ್ಲಿ ಹೇಳಿ ಮುಗಿಸುತ್ತೇನೆ: ೧೯೯೭ರ ಪಂಚಮಿಯ ಪಂಥದಲ್ಲಿ ಆ ಗಾಳಿಯನ್ನು ಗೆದ್ದವನು ನಾನಲ್ಲ. ಅಂದು ಗುಲಾಲು ಎರಚಿದ ಹಿರಿಯರಲ್ಲಿ ಯಾರಾದರೂ ಇದನ್ನು ಓದಿದರೆ, ಹಾಲಿನ ವಿಷಯವಾಗಿ ನಾನು ಹೇಳಿದ್ದನ್ನು ದಯವಿಟ್ಟು ಮರೆಯಬೇಕು.