ಹಾಲು ಒಗ್ಗದಿರುವುದು ರೋಗವೇ?

ಕೊಟ್ಟೂರಿನ ರಥೋತ್ಸವಕ್ಕೆ ದಾವಣಗೆರೆಯ ಕಡೆಯಿಂದ ಕಾಲ್ನಡಿಗೆಯಲ್ಲಿ ಬರುವ ಭಕ್ತರಿಗೆ ದಾರಿಯಲ್ಲಿ ಮಜ್ಜಿಗೆ, ಪಾನಕಗಳನ್ನು ಕೊಡುವುದುಂಟು. ಆ ಮಜ್ಜಿಗೆಯನ್ನು ಎರಡು ಲೋಟ ಕುಡಿದರೂ ಏನೂ ಆಗದ ಹಿರಿಯರೊಬ್ಬರು ಅದೇ ಸಂಜೆ ಬೀಗರ ಮನೆಯಲ್ಲಿ ದೊಡ್ಡ ಲೋಟದ ತುಂಬ ಹಾಲು ಕುಡಿದು, ಹೊಟ್ಟೆಯುಬ್ಬರ ಹಾಗೂ ಭೇದಿಯಿಂದ ರಾತ್ರಿಯಿಡೀ ನರಳಬಹುದು. ಬೇಡವೆಂದರೆ ಬೀಗರು ಬೇಸರಪಟ್ಟಾರೆಂಬ ಸಂಕೋಚ ಬೇರೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಮನೆಗಳಲ್ಲಿಯೂ ಇಂಥವರು ಅಪರೂಪವಲ್ಲ. ಜೀರ್ಣಶಕ್ತಿ ಕೆಟ್ಟಿತೆಂದು ಚಿಂತಿಸಿ ಮಜ್ಜಿಗೆ, ಮೊಸರುಗಳನ್ನೂ ಬಿಟ್ಟುಬಿಡುವವರಿದ್ದಾರೆ. ಅದು ಅನಾವಶ್ಯಕ.

ಹಾಲಿನಲ್ಲಿರುವ ಸಕ್ಕರೆಗೆ ಲ್ಯಾಕ್ಟೋಸ್ ಎಂದು ಹೆಸರು. 100 ಮಿ.ಲೀ. ಆಕಳ ಹಾಲಿನಲ್ಲಿ ಅದು ಸುಮಾರು 5 ಗ್ರಾಂ ಇರುತ್ತದೆ. ಇದನ್ನು ಒಡೆದು ರಕ್ತಕ್ಕೆ ಸೇರುವಂತೆ ಮಾಡುವುದು ಸಣ್ಣ ಕರುಳಿನ ಜೀವಕೋಶಗಳು ತಯಾರಿಸುವ ಲ್ಯಾಕ್ಟೇಸ್ ಎಂಬ ಕಿಣ್ವ. ಅದು ಸಾಲದಿದ್ದರೆ ಸಕ್ಕರೆಯು ಹಾಗೆಯೇ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಸೂಕ್ಷ್ಮಾಣುಗಳು ಅದನ್ನು ಹುಳಿಯಿಸಿ ವಾಯುವನ್ನು ಉಂಟುಮಾಡುತ್ತವೆ.

ಕರುವಾಗಲಿ, ಬೆಕ್ಕಿನ ಮರಿಯಾಗಲಿ, ಮನುಷ್ಯನ ಶಿಶುವಾಗಲಿ, ಮೊಲೆಯುಣ್ಣುವಾಗ ಈ ಕಿಣ್ವವನ್ನು ಧಾರಾಳವಾಗಿ ತಯಾರಿಸುತ್ತದೆ. ಮೊಲೆ ಬಿಟ್ಟ ಬಳಿಕ ತಯಾರಿಕೆ ತಗ್ಗುತ್ತದೆ. ಇದು ಸಸ್ತನಿಗಳ ಸಾಮಾನ್ಯ ನಿಯಮ. ಮುಪ್ಪಿನವರೆಗೂ ಹಾಲನ್ನು ಅರಗಿಸಿಕೊಳ್ಳುವುದೇ ವಿಶೇಷ!

ಹಾಗಾದರೆ ದೊಡ್ಡವರಾದ ಮೇಲೆ ಲ್ಯಾಕ್ಟೇಸಿನ ಜೀನ್ ಎಲ್ಲಿ ಹೋಯಿತು? ಎಲ್ಲಿಯೂ ಹೋಗಿಲ್ಲ. ನಮ್ಮ ಕಣ್ಣಿನ, ಚರ್ಮದ ಜೀವಕೋಶಗಳಲ್ಲಿಯೂ ಅದು ಇದೆ, ಆದರೆ ಅಲ್ಲಿ ಮೌನವಾಗಿದೆ. ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿದ್ದು, ಪ್ರೋಟೀನುಗಳ ಬರವಣಿಗೆ ಇರುವುದು ನೂರಕ್ಕೆ ಒಂದೂವರೆ ಭಾಗದಷ್ಟರಲ್ಲಿ ಮಾತ್ರ. ಉಳಿದುದರಲ್ಲಿ ಯಾವ ಜೀನ್ ಎಲ್ಲಿ, ಯಾವಾಗ, ಎಷ್ಟು ಕೆಲಸ ಮಾಡಬೇಕೆಂಬ ಅಪ್ಪಣೆಗಳು ಅಡಗಿವೆ.

ಲ್ಯಾಕ್ಟೇಸಿನ ಜೀನ್ ಇರುವುದು ಎರಡನೆಯ ವರ್ಣತಂತುವಿನಲ್ಲಿ. ಅದು ಒಂದೇ ಓಟದ ಬರಹವಲ್ಲ. ಅರ್ಥವುಳ್ಳ 17 ತುಣುಕುಗಳ ನಡುವೆ ಕತ್ತರಿಸಿ ತೆಗೆಯಬೇಕಾದ ಭಾಗಗಳಿವೆ. ಮೊದಲಿನವು ಎಕ್ಸಾನ್, ಎರಡನೆಯವು ಇಂಟ್ರಾನ್. ಜೀನಿನ ಬಾಗಿಲಲ್ಲಿ ಪ್ರೊಮೋಟರ್ ಎಂಬ ನೆಲೆಯುಂಟು. ನಕಲು ತೆಗೆಯುವ ಯಂತ್ರವು ಅಲ್ಲಿ ಕುಳಿತು, ಡಿಎನ್‌ಎಯನ್ನು ಓದುತ್ತ ಆರ್‌ಎನ್‌ಎ ಎಂಬ ಪ್ರತಿಯನ್ನು ಬರೆಯುತ್ತದೆ. ಇಂಟ್ರಾನುಗಳು ಕಳೆದು ಹೋದ ಆ ಪ್ರತಿಯಿಂದಲೇ ಕಿಣ್ವ ತಯಾರಾಗುವುದು.

ಆದರೆ ಬಾಗಿಲಿದ್ದ ಮಾತ್ರಕ್ಕೆ ಕೆಲಸ ಭರದಿಂದ ಸಾಗದು. ಕೆರೆಯ ಕೆಳಗಿನ ಗದ್ದೆಯನ್ನು ನೆನೆಯಿರಿ. ಗದ್ದೆ ನಮ್ಮದೇ ಆದರೂ ನೀರು ಬಿಡುವ ತೂಬು ದೂರದಲ್ಲಿರುತ್ತದೆ. ಜೀನಿಗೂ ಹೀಗೆ ದೂರದ ತೂಬುಗಳಿವೆ; ಎನ್‌ಹ್ಯಾನ್ಸರ್ ಎಂದು ಅವುಗಳನ್ನು ಕರೆಯುತ್ತಾರೆ. ಡಿಎನ್‌ಎ ಬಾಗಿ ಕುಣಿಕೆಯಾದಾಗ ದೂರದ ಎನ್‌ಹ್ಯಾನ್ಸರ್ ಪ್ರೊಮೋಟರಿನ ಬಳಿಗೆ ಬಂದು ನಕಲಿನ ಕೆಲಸವನ್ನು ಚುರುಕುಗೊಳಿಸುತ್ತದೆ.

ಲ್ಯಾಕ್ಟೇಸಿನ ತೂಬನ್ನು 2002ರಲ್ಲಿ ಫಿನ್ಲೆಂಡಿನ ಸಂಶೋಧಕರು ಗುರುತಿಸಿದರು. ಅದು ಜೀನಿಗಿಂತ 13,910 ಅಕ್ಷರ ಮೊದಲೇ, ಎಂಸಿಎಂ6 ಎಂಬ ನೆರೆಯ ಜೀನಿನ ಇಂಟ್ರಾನಿನಲ್ಲಿದೆ. ಅಲ್ಲಿ ‘ಸಿ’ ಎಂಬ ಅಕ್ಷರವಿದ್ದವರಲ್ಲಿ ಬಾಲ್ಯ ಕಳೆದಂತೆ ತೂಬು ಮುಚ್ಚುತ್ತ ಬರುತ್ತದೆ; ‘ಟಿ’ ಇದ್ದವರಲ್ಲಿ ತೆರೆದೇ ಇರುತ್ತದೆ. ತಾಯಿ ಅಥವಾ ತಂದೆಯಿಂದ ಒಂದು ‘ಟಿ’ ಬಂದರೂ ಸಾಕು. ಕಿಣ್ವದ ಬರಹದಲ್ಲಿ ಭೇದವಿಲ್ಲ, ಅಪ್ಪಣೆಯಲ್ಲಿ ಮಾತ್ರ ಒಂದಕ್ಷರದ ಭೇದ.

ಭಾರತದ ಎರಡು ಸಾವಿರಕ್ಕೂ ಹೆಚ್ಚು ಜನರ ಡಿಎನ್‌ಎ ಪರೀಕ್ಷಿಸಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಯುರೋಪಿನಲ್ಲಿರುವ ಅದೇ ‘ಟಿ’ ನಮ್ಮಲ್ಲಿಯೂ ಇದೆ. ವಾಯವ್ಯ ಭಾರತದಲ್ಲಿ ಹೆಚ್ಚು, ದಕ್ಷಿಣ ಮತ್ತು ಪೂರ್ವದಲ್ಲಿ ಕಡಿಮೆ. ಪಶುಪಾಲನೆಯನ್ನೇ ನಂಬಿದ ಸಮುದಾಯಗಳಲ್ಲಿ ಅಧಿಕ. ನಮ್ಮ ಸೀಮೆಯ ಹಿರಿಯರಲ್ಲಿ ಅನೇಕರಿಗೆ ಹಾಲು ಒಗ್ಗದಿರುವುದರಲ್ಲಿ ಆಶ್ಚರ್ಯವೇನಿದೆ?

ಇದಕ್ಕಾಗಿ ಜೀನ್ ಪರೀಕ್ಷೆಯ ಅಗತ್ಯ ಸಾಮಾನ್ಯವಾಗಿ ಇಲ್ಲ. ಕಿಣ್ವ ಕಡಿಮೆಯಿದ್ದವರಲ್ಲಿ ಬಹುತೇಕರು ಒಮ್ಮೆಗೆ 12 ಗ್ರಾಂ ಲ್ಯಾಕ್ಟೋಸನ್ನು, ಎಂದರೆ ಸುಮಾರು ಒಂದು ಲೋಟ ಹಾಲನ್ನು, ಊಟದೊಡನೆ ತಾಳಿಕೊಳ್ಳಬಲ್ಲರು. ಬರಿಹೊಟ್ಟೆಯಲ್ಲಿ ಬೇಡ. ಹೆಪ್ಪಿನ ಸೂಕ್ಷ್ಮಾಣುಗಳು ಲ್ಯಾಕ್ಟೋಸಿನ ಒಂದು ಭಾಗವನ್ನು ತಾವೇ ತಿಂದಿರುತ್ತವೆ, ಉಳಿದುದನ್ನು ಒಡೆಯಲು ಕರುಳಿನಲ್ಲಿಯೂ ನೆರವಾಗುತ್ತವೆ. ಆದ್ದರಿಂದಲೇ ಮಜ್ಜಿಗೆ ಒಗ್ಗುತ್ತದೆ. ತುಪ್ಪದಲ್ಲಿ ಲ್ಯಾಕ್ಟೋಸ್ ಇಲ್ಲವೆನ್ನುವಷ್ಟು ಕಡಿಮೆ. ಖೋವಾ, ಪೇಡೆಗಳಲ್ಲಿ ಮಾತ್ರ ಅದು ಸಾಂದ್ರವಾಗಿರುತ್ತದೆ, ಎಚ್ಚರ! ಹಾಲನ್ನು ಪೂರ್ತಿ ಬಿಟ್ಟವರು, ವಿಶೇಷವಾಗಿ ವಯಸ್ಸಾದ ತಾಯಂದಿರು, ಎಲುಬಿಗೆ ಬೇಕಾದ ಕ್ಯಾಲ್ಸಿಯಂ ಅನ್ನು ಮೊಸರಿನಿಂದಲೋ ರಾಗಿಯಿಂದಲೋ ಪಡೆಯಬೇಕು. 100 ಗ್ರಾಂ ರಾಗಿಯಲ್ಲಿ ಅದು ಸುಮಾರು 350 ಮಿ.ಗ್ರಾಂ ಇದೆ.

ಮಲದಲ್ಲಿ ರಕ್ತ, ಜ್ವರ, ತೂಕದ ಇಳಿಕೆ ಇದ್ದರೆ ಅದು ಹಾಲಿನ ದೋಷವೆಂದು ಸುಮ್ಮನಿರದೆ ವೈದ್ಯರನ್ನು ಕಾಣಿರಿ. ಶಿಶುಗಳ ಮಾತು ಬೇರೆ. ಹುಟ್ಟಿನಿಂದಲೇ ಈ ಕಿಣ್ವವಿಲ್ಲದ ಶಿಶು ಅತ್ಯಂತ ವಿರಳ. ಭೇದಿಯಾದ ಮಗುವಿನ ಕರುಳಿನಲ್ಲಿ ಕಿಣ್ವವು ಕೆಲವು ದಿನ ತಗ್ಗಬಹುದಾದರೂ ತಾಯಿಯ ಹಾಲನ್ನು ನಿಲ್ಲಿಸಬಾರದು.