ಕೃಷಿ ಹೊಂಡಕ್ಕೆ ಹೊಸ ಹಾಳೆ: ಅಳೆಯುವುದು ಹೇಗೆ, ಹಾಸುವುದು ಹೇಗೆ

ರಾಜ್ಯ ಸರ್ಕಾರ 2014-15ರಲ್ಲಿ ಕೃಷಿ ಭಾಗ್ಯ ಯೋಜನೆ ಆರಂಭಿಸಿದಾಗ ಮಳೆಯನ್ನೇ ನಂಬಿದ ಸೀಮೆಗಳಲ್ಲಿ ಹೊಲಹೊಲಕ್ಕೂ ಹೊಂಡಗಳು ಬಂದವು. ಹೊಂಡ, ಅದಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆ, ಡೀಸೆಲ್ ಪಂಪು, ತುಂತುರು ನೀರಾವರಿಯ ಪೈಪು, ಎಲ್ಲವೂ ಒಂದೇ ಯೋಜನೆಯಲ್ಲಿ ಸಿಗುತ್ತಿದ್ದವು. ಹೊಳೆಆಲೂರಿನಿಂದ ರೋಣ, ನರಗುಂದ, ಗಜೇಂದ್ರಗಡದವರೆಗಿನ ಒಣಬೇಸಾಯಕ್ಕೆ ಇದು ಬೇಕಾದದ್ದೇ. ಇಲ್ಲಿ ವರ್ಷದ ವಾಡಿಕೆ ಮಳೆ 600 ಮಿಲಿಮೀಟರಿನ ಆಸುಪಾಸು. ಕಡಲೆ ಹೂ ಬಿಡುವಾಗ, ಉಳ್ಳಾಗಡ್ಡಿ ಗಡ್ಡೆ ಕಟ್ಟುವಾಗ ಒಂದು ನೀರು ತಪ್ಪಿದರೆ ಬೆಳೆಯೇ ಕೈತಪ್ಪುತ್ತದೆ. ಆ ಒಂದು ನೀರನ್ನು ಕಾಯ್ದಿಡುವುದೇ ಹೊಂಡದ ಕೆಲಸ.

ಯೋಜನೆಯ ಮೊದಲ ವರ್ಷಗಳಲ್ಲಿ ಹಾಸಿದ ಹಾಳೆಗಳು ಈಗ ಹತ್ತು ವರ್ಷದ ಬಿಸಿಲು ಕಂಡಿವೆ. ಬದಲಿಸುವ ಕಾಲ ಬಂದಾಗ ಒಂದು ಮಾತು ನೆನಪಿರಬೇಕು: ನೀರನ್ನು ಹೊರುವುದು ಮಣ್ಣು, ಹಾಳೆಯಲ್ಲ. 3 ಮೀಟರ್ ಆಳದ ಹೊಂಡ ತುಂಬಿದಾಗ ತಳದ ಪ್ರತಿ ಚದರ ಮೀಟರಿನ ಮೇಲೂ 3 ಟನ್ ಭಾರ ಬೀಳುತ್ತದೆ. ಅರ್ಧ ಮಿಲಿಮೀಟರ್ ದಪ್ಪದ ಹಾಳೆ ಆ ಭಾರವನ್ನು ತಾಳುವುದು ಕೆಳಗೆ ನೆಲ ಆತುಕೊಂಡಿದ್ದರೆ ಮಾತ್ರ. ಅಳತೆ, ದುರಸ್ತಿ, ಹಾಸುವಿಕೆಯ ನಿಯಮಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಮೊದಲ ಪ್ರಶ್ನೆ: ಬದಲಿಸಲೇಬೇಕೇ?

ಹೊಂಡದ ನೀರು ಇಳಿಯುವುದಕ್ಕೆಲ್ಲ ಸೋರಿಕೆಯೇ ಕಾರಣವಲ್ಲ. ಬೇಸಗೆಯಲ್ಲಿ ದಿನಕ್ಕೆ 6 ಮಿಲಿಮೀಟರ್ ಆವಿಯಾದರೂ, 21 ಮೀಟರ್ ಉದ್ದ, 21 ಮೀಟರ್ ಅಗಲದ ತುಂಬಿದ ಹೊಂಡದಿಂದ ನಿತ್ಯ 2,600 ಲೀಟರ್ ಗಾಳಿಗೆ ಹೋಗುತ್ತದೆ. ಇದನ್ನು ಯಾವ ಹಾಳೆಯೂ ತಡೆಯಲಾರದು.

ಆವಿಯೋ ಸೋರಿಕೆಯೋ ಎಂದು ತಿಳಿಯಲು ಒಂದು ಬಕೆಟ್ ಸಾಕು. ಅದಕ್ಕೆ ಹೊಂಡದ ನೀರನ್ನೇ ತುಂಬಿ, ಹೊಂಡದ ಅಂಚಿನಲ್ಲಿ ಮುಕ್ಕಾಲು ಭಾಗ ಮುಳುಗುವಂತೆ ಅಲುಗದ ಹಾಗೆ ಇಡಿ. ಒಳಗಿನ ಮಟ್ಟಕ್ಕೆ ಬಕೆಟ್ಟಿನಲ್ಲೂ, ಹೊರಗಿನ ಮಟ್ಟಕ್ಕೆ ಒಂದು ಗೂಟದ ಮೇಲೂ ಗುರುತು ಹಾಕಿ. ಪಂಪು ಹಚ್ಚದೆ, ಮಳೆ ಬೀಳದೆ ನಾಲ್ಕೈದು ದಿನ ಬಿಟ್ಟು ನೋಡಿ. ಎರಡೂ ಸಮನಾಗಿ ಇಳಿದಿದ್ದರೆ ಅದು ಆವಿ. ಹೊಂಡದ ಮಟ್ಟ ಹೆಚ್ಚು ಇಳಿದಿದ್ದರೆ ಹಾಳೆ ಸೋರುತ್ತಿದೆ. ನೀರು ಬೇಗ ಬೇಗ ಇಳಿದು ಒಂದು ಮಟ್ಟಕ್ಕೆ ಬಂದು ನಿಂತರೆ, ತೂತು ಆ ಮಟ್ಟದಲ್ಲೇ ಎಲ್ಲೋ ಇದೆ. ಒಂದೆರಡು ತೂತಿದ್ದರೆ ಆ ಜಾಗ ಒರೆಸಿ ಒಣಗಿಸಿ, ಅದೇ ಜಾತಿಯ ಹಾಳೆಯ ತುಂಡನ್ನು ಬಿಸಿಗಾಳಿಯ ಯಂತ್ರದಿಂದ ಬೆಸೆಯಿಸಿದರೆ ಆಯಿತು. ನೀರಿನ ಮೇಲಿರುವ ಪಟ್ಟಿ ಬಿಸಿಲಿಗೆ ಒಣಗಿ, ಮಡಚಿದರೆ ಪಟಪಟನೆ ಸೀಳುವಂತಾಗಿದ್ದರೆ ತೇಪೆಯಿಂದ ಪ್ರಯೋಜನವಿಲ್ಲ. ಅಲ್ಲಿಗೆ ಆ ಹಾಳೆಯ ಆಯುಷ್ಯ ಮುಗಿದಂತೆ.

ಹೊಲ ಎರಿಯೋ ಮಸಾರಿಯೋ ಎಂಬುದೂ ಮುಖ್ಯ. ಎರಿ ಮಣ್ಣು ನೆನೆದಾಗ ಉಬ್ಬಿ ತನ್ನ ಬಿರುಕುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಆಳವಾದ ಎರಿಯಲ್ಲಿ, ತಳದಲ್ಲಿ ಗರಸು ಹತ್ತದಿದ್ದರೆ, ಹಾಳೆ ಇಲ್ಲದೆಯೂ ನೀರು ಬಹುಕಾಲ ನಿಲ್ಲುತ್ತದೆ. ಅಂಥ ಕಡೆ ಹೂಳೆತ್ತಿ, ತಳವನ್ನು ಗಟ್ಟಿಸಿ, ಒಂದು ಮಳೆಗಾಲ ನೋಡಿ ಆಮೇಲೆ ಹಾಳೆಯ ಖರ್ಚಿಗೆ ಕೈ ಹಾಕುವುದು ಜಾಣತನ. ಮಸಾರಿ ಮತ್ತು ಗರಸು ನೆಲದಲ್ಲಿ ಮಾತ್ರ ಹಾಳೆ ಇಲ್ಲದೆ ಆಗದು.

ನೆಲ ಸರಿಯಾದ ಮೇಲೆಯೇ ಅಳತೆ

ಹೊಂಡ ತೋಡಿದಾಗ ಕಾಗದದಲ್ಲಿ ಬರೆದ ಅಳತೆಯನ್ನೇ ಹೇಳಿ ಹಾಳೆ ತರಿಸುವುದು ದೊಡ್ಡ ತಪ್ಪು. ಇಷ್ಟು ವರ್ಷಗಳಲ್ಲಿ ದಂಡೆ ಜರಿದಿರುತ್ತದೆ, ಮೂಲೆ ಕುಸಿದಿರುತ್ತದೆ, ತಳದಲ್ಲಿ ಹೂಳು ಕೂತಿರುತ್ತದೆ. ಆದ್ದರಿಂದ ನೀರು ಖಾಲಿ ಮಾಡಿ, ಹಳೆ ಹಾಳೆ ತೆಗೆದು, ಹೂಳೆತ್ತಿ, ಇಳಿಜಾರು ಸರಿಪಡಿಸಿ, ಆಮೇಲೆ ಟೇಪು ಹಿಡಿಯಬೇಕು.

ಖಾಲಿ ಮಾಡಲು ಏಪ್ರಿಲ್, ಮೇ ತಿಂಗಳು ಒಳ್ಳೆಯದು. ಹೊಳೆಯ ಸಮೀಪದ ಹೊಲಗಳಲ್ಲಿ ಈ ಮಾತು ಇನ್ನೂ ಮುಖ್ಯ. ಮಲಪ್ರಭೆ ತುಂಬಿ ಹರಿಯುವಾಗ ದಂಡೆಯ ನೆಲದೊಳಗೂ ನೀರು ಮೇಲಿರುತ್ತದೆ. ಆಗ ಹೊಂಡವನ್ನು ಬರಿದು ಮಾಡಿದರೆ ಒಳಗಿನ ಭಾರ ಹೋಗಿ, ಕೆಳಗಿನ ನೀರು ಹಾಳೆಯನ್ನು ಮೇಲಕ್ಕೆತ್ತುತ್ತದೆ, ದಂಡೆಯೂ ಜರಿಯಬಹುದು. 2009 ಮತ್ತು 2019ರಂಥ ನೆರೆ ಬಂದ ವರ್ಷ ನೆಲದ ನೀರು ಇಳಿಯುವವರೆಗೂ ಹೊಂಡ ತುಂಬಿಯೇ ಇರಲಿ.

ಇಳಿಜಾರು ಕಡಿದಾಗಿದ್ದರೆ ಮಣ್ಣು ಹಾಳೆಯ ಕೆಳಗೇ ಜಾರುತ್ತದೆ. ಗಟ್ಟಿ ಮಸಾರಿಯಲ್ಲಿ 1 ಮೀಟರ್ ಆಳಕ್ಕೆ 1 ಮೀಟರ್ ಅಡ್ಡ ಸಾಕಾದೀತು. ಎರಿಯಲ್ಲಿ 1 ಮೀಟರ್ ಆಳಕ್ಕೆ ಒಂದೂವರೆ ಮೀಟರ್ ಅಡ್ಡ ಇದ್ದರೆ ನಿಶ್ಚಿಂತೆ. ಕಲ್ಲು, ಕೊಳೆ, ಬೇರುಗಳನ್ನು ಆಯ್ದು ತೆಗೆಯಿರಿ. ಜೇಕಿನ ಗಡ್ಡೆಯನ್ನು ಬುಡಸಮೇತ ಕೀಳಬೇಕು. ಅದರ ಮೊನಚು ಮೊಳಕೆ ಪ್ಲಾಸ್ಟಿಕ್ಕನ್ನೂ ತೂತು ಮಾಡುತ್ತದೆ. ಇಲಿ ಬಿಲಗಳನ್ನು ಅಗೆದು, ಹಸಿ ಮಣ್ಣು ತುಂಬಿ ಬಡಿಯಿರಿ.

ಅಳೆಯುವ ಕ್ರಮ

ಒಂದು. ಬಾಯಿಯ ಉದ್ದ, ಅಗಲಗಳನ್ನು ಎರಡು ಅಂಚು ಮತ್ತು ನಡುವೆ, ಹೀಗೆ ಮೂರು ಮೂರು ಕಡೆ ಅಳೆಯಿರಿ. ಬಳಿಕ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಿರಿ. ಎದುರುಬದುರು ಬದಿಗಳೂ ಕರ್ಣಗಳೂ ಸಮ ಇದ್ದರೆ ಹೊಂಡದ ಮೂಲೆಗಳು ನೆಟ್ಟಗಿವೆ.

ಎರಡು. ಗೌಂಡಿಗಳು ಬಳಸುವ ಲೆವೆಲ್ ಪೈಪಿನಿಂದ ನಾಲ್ಕೂ ದಂಡೆಯ ಮಟ್ಟ ನೋಡಿ. ಒಂದು ಕಡೆ ತಗ್ಗಿದ್ದರೆ ಮಳೆಗಾಲದಲ್ಲಿ ನೀರು ಅಲ್ಲೇ ಉಕ್ಕಿ, ಹಾಳೆಯ ಅಂಚು ಕೊರೆದು ಒಳಗೆ ನುಗ್ಗುತ್ತದೆ.

ಮೂರು. ನಿಜವಾದ ಅಳತೆ ಇದೇ: ಟೇಪನ್ನು ಒಂದು ದಂಡೆಯಿಂದ ಇಳಿಜಾರಿಗೆ ಅಂಟಿಸಿದಂತೆ ಇಳಿಸಿ, ತಳದ ಮೇಲೆ ಹಾಯಿಸಿ, ಎದುರು ದಂಡೆಗೆ ಏರಿಸಿ. ಟೇಪು ಎಲ್ಲೂ ನೆಲ ಬಿಟ್ಟು ಗಾಳಿಯಲ್ಲಿ ನಿಲ್ಲಬಾರದು. ಉದ್ದಕ್ಕೆ ಮೂರು ಸಲ, ಅಡ್ಡಕ್ಕೆ ಮೂರು ಸಲ ಅಳೆದು, ದೊಡ್ಡ ಅಂಕಿಯನ್ನು ಹಿಡಿಯಿರಿ.

ಬಂದ ಅಂಕಿಯನ್ನು ಲೆಕ್ಕದಿಂದ ತಾಳೆ ನೋಡಬಹುದು. ಬಾಯಿ 21 ಮೀಟರ್, ಆಳ 3 ಮೀಟರ್, ಇಳಿಜಾರು ಒಂದಕ್ಕೊಂದು ಎಂದುಕೊಳ್ಳಿ. ತಳ 15 ಮೀಟರ್. ಒಂದು ಬದಿಯ ಇಳಿಜಾರಿನ ಉದ್ದ 4.24 ಮೀಟರ್, ಎರಡೂ ಬದಿಗೆ 8.48. ಕೂಡಿದರೆ 23.48. ಇದಕ್ಕೆ ಅಂಚು ಹೂಳಲು ಪ್ರತಿ ಬದಿಗೆ ಒಂದೂವರೆ ಮೀಟರ್ ಸೇರಿಸಬೇಕು: ದಂಡೆಯ ಮೇಲೆ ಅರ್ಧ, ಅಂಚು ಹೂಳಲು ತೋಡುವ ಕಾಲುವೆಯ ಗೋಡೆಗೆ ಅರ್ಧ, ಅದರ ತಳಕ್ಕೆ ಅರ್ಧ. 26.48 ಆಯಿತು. ಸಡಿಲಕ್ಕೆಂದು ಅರ್ಧ ಮೀಟರ್ ಸೇರಿಸಿ 27 ಮೀಟರ್ ಚೌಕದ ಹಾಳೆ ತರಿಸಿ. ಅದು 729 ಚದರ ಮೀಟರ್. ಬಾಯಿಯ 21ಕ್ಕೆ ಅಂಚಿನ 3 ಕೂಡಿಸಿ 24 ಎಂದು ಹೇಳಿದರೆ ಹಾಳೆ ಸುಮಾರು ಎರಡೂವರೆ ಮೀಟರ್ ಗಿಡ್ಡ. ಬಾಯಿಗೆ ಎರಡು ಆಳ ಕೂಡಿಸಿ, ಅಂಚೂ ಸೇರಿಸಿ 30 ಎಂದರೆ 171 ಚದರ ಮೀಟರಿನ ಹಣ ದಂಡ.

ಹೊಂಡ ಸೊಟ್ಟಗಿದ್ದರೆ ಈಜುಕೊಳದವರ ವಿಧಾನ ನೆರವಿಗೆ ಬರುತ್ತದೆ. ಒಂದು ದಂಡೆಯ ಮೇಲೆ 10 ಮೀಟರ್ ಅಂತರದಲ್ಲಿ ಎರಡು ಗೂಟ ನೆಡಿ. ಬಾಯಿಯ ಸುತ್ತ ಎರಡೆರಡು ಮೀಟರಿಗೆ ಒಂದು ಗುರುತು ಹಾಕಿ, ಪ್ರತಿ ಗುರುತಿನ ದೂರವನ್ನು ಎರಡೂ ಗೂಟಗಳಿಂದ ಅಳೆದು ಬರೆದುಕೊಳ್ಳಿ. ಈ ಜೋಡಿ ಅಂಕಿಗಳಿಂದ ಗ್ರಾಫ್ ಕಾಗದದ ಮೇಲೆ ಹೊಂಡದ ಆಕಾರ ಇದ್ದ ಹಾಗೇ ಮೂಡುತ್ತದೆ.

ಆದರೆ ಅವರ ಇನ್ನೊಂದು ರೂಢಿ ನಮಗೆ ಹೊಂದದು. ಈಜುಕೊಳದ ವಿನೈಲ್ ಹಾಳೆ ಹಿಗ್ಗುವಂಥದ್ದು. ಅದನ್ನು ಕೊಂಚ ಚಿಕ್ಕದಾಗಿಯೇ ಮಾಡಿಸಿ ಎಳೆದು ಕೂರಿಸುತ್ತಾರೆ. ಹೊಂಡಕ್ಕೆ ಬಳಸುವ 500 ಮೈಕ್ರಾನಿನ ಎಚ್‌ಡಿಪಿಇ ಹಾಳೆಗೆ ಅಷ್ಟು ಹಿಗ್ಗುವ ಗುಣವಿಲ್ಲ. ಎಳೆದು ಹಾಸಿದರೆ ಇಳಿಜಾರು ತಳವನ್ನು ಸೇರುವ ಬುಡದಲ್ಲಿ ಅದು ನೆಲ ಬಿಟ್ಟು ಬಿಗಿದು ನಿಲ್ಲುತ್ತದೆ. ನೀರು ತುಂಬಿದಾಗ ಹಾಳೆ ಹರಿಯುವುದು ಅಲ್ಲೇ. ಬಿಸಿಲು, ತಂಪುಗಳಿಗೂ ಅದು ಹಿಗ್ಗಿ ಕುಗ್ಗುತ್ತದೆ: 30 ಡಿಗ್ರಿ ವ್ಯತ್ಯಾಸಕ್ಕೆ 20 ಮೀಟರ್ ಉದ್ದದಲ್ಲಿ ಹೆಚ್ಚುಕಡಿಮೆ 10 ಸೆಂಟಿಮೀಟರ್. ಸಡಿಲ ಬೇಕಾಗುವುದು ಇದಕ್ಕೇ.

ಕೊಳ್ಳುವಾಗ ಹಾಳೆಯ ಮೇಲೆ ಐಎಸ್ 15351 ಗುರುತು ಇದೆಯೇ ನೋಡಿ. ನೇಯ್ದ ಎಚ್‌ಡಿಪಿಇ ಒಳಹಾಸುಗಳಿಗೆ ಇರುವ ಭಾರತೀಯ ಮಾನಕ ಅದು. ಬೆಸುಗೆಯೆಲ್ಲ ಕಾರ್ಖಾನೆಯಲ್ಲೇ ಆಗಿ ಹಾಳೆ ಒಂದೇ ತುಂಡಾಗಿ ಬರಲಿ. ಸಹಾಯಧನ ಸಿಗುತ್ತದೆಯೇ ಎಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೊಳ್ಳುವ ಮೊದಲೇ ವಿಚಾರಿಸಿ.

ಹಾಸುವ ದಿನ

27 ಮೀಟರ್ ಚೌಕದ ಹಾಳೆ ಮೂರು ಕ್ವಿಂಟಲ್ ದಾಟುತ್ತದೆ. ಇಳಿಸಲು ಟ್ರ್ಯಾಕ್ಟರ್, ಹಿಡಿಯಲು ಹತ್ತು ಹನ್ನೆರಡು ಜನ ಬೇಕು. ಗಾಳಿ ಇಲ್ಲದ ಮುಂಜಾನೆ ಶುರುಮಾಡಿ. ಹಿಂದಿನ ದಿನ ನೆಲಕ್ಕೆ ತೆಳುವಾಗಿ ನೀರು ಚಿಮುಕಿಸಿ, ಎರಿಯ ಬಿರುಕುಗಳಿಗೆ ಜರಡಿ ಹಿಡಿದ ಮಣ್ಣು ತುಂಬಿ ಸಮ ಮಾಡಿರಬೇಕು. ದಂಡೆಯಿಂದ ಅರ್ಧ ಮೀಟರ್ ಆಚೆ ಅಂಚಿನ ಕಾಲುವೆ ಮೊದಲೇ ಸಿದ್ಧವಿರಲಿ.

ಹಾಳೆಯನ್ನು ನೆಲದ ಮೇಲೆ ಎಳೆಯದೆ, ಎತ್ತಿ ಬಿಚ್ಚುತ್ತಾ ಹೋಗಬೇಕು. ಒಳಗೆ ಇಳಿಯುವವರು ಬರಿಗಾಲಲ್ಲಿ ಇಳಿಯಲಿ. ಮೂಲೆಗಳಲ್ಲಿ ಹಾಳೆ ಹೆಚ್ಚಾಗಿಯೇ ಉಳಿಯುತ್ತದೆ. ಸೀರೆಯ ನಿರಿಗೆಯಂತೆ ಒಂದೇ ದಿಕ್ಕಿಗೆ ಮಡಿಸಿ, ಕತ್ತರಿಸಬೇಡಿ. ಅಂಚುಗಳ ಮೇಲೆ ಮಣ್ಣು ತುಂಬಿದ ಚೀಲಗಳನ್ನಷ್ಟೇ ಇಟ್ಟು, ಒಂದಡಿ ನೀರು ಬಿಡಿ. ನೀರು ಏರುತ್ತಿದ್ದಂತೆ ಹಾಳೆ ಬುಡಕ್ಕೆ ಕೂರುತ್ತದೆ. ಎಲ್ಲಿ ಬಿಗಿಯುತ್ತದೋ ಅಲ್ಲಿ ಚೀಲ ಸರಿಸಿ ಸಡಿಲ ಬಿಡಿ. ಅರ್ಧ ತುಂಬಿದ ಮೇಲೆಯೇ ಕಾಲುವೆಯಲ್ಲಿ ಅಂಚನ್ನು ಇಳಿಸಿ, ಮಣ್ಣು ಹಾಕಿ ಬಡಿಯಬೇಕು.

ಪಂಪಿನ ಪೈಪಿಗಾಗಿ ಹಾಳೆಗೆ ತೂತು ಕೊರೆಯಬೇಡಿ, ದಂಡೆಯ ಮೇಲಿನಿಂದಲೇ ಇಳಿಬಿಡಿ. ಮಳೆನೀರು ಒಳಬರುವ ಬಾಯಿಗೆ ಕಲ್ಲು ಹಾಸಿ, ಅದರ ಮುಂದೆ ಹೂಳು ನಿಲ್ಲುವ ಸಣ್ಣ ಗುಂಡಿ ತೋಡಿ. ಹಳೆ ಹಾಳೆಯನ್ನು ಸುಡಬೇಡಿ. ಗಟ್ಟಿ ಇರುವಷ್ಟು ಭಾಗ ಬಣವಿಗೆ ಹೊದಿಸಲು ಬರುತ್ತದೆ, ಉಳಿದದ್ದು ಗುಜರಿಗೆ ಹೋಗಲಿ.

ಇಷ್ಟಾದರೂ ಬೇಲಿ ಹಾಕುವವರೆಗೆ ಕೆಲಸ ಮುಗಿದಿಲ್ಲ. ಹಾಳೆ ಹಾಸಿದ ಇಳಿಜಾರು ನೆನೆದರೆ ಈಜು ಬಲ್ಲವರಿಗೂ ಹತ್ತಿ ಬರಲಾಗದಷ್ಟು ಜಾರುತ್ತದೆ. ಮಕ್ಕಳು, ಕುರಿ ಕಾಯುವವರು, ನೀರು ಕುಡಿಯಲು ಬಗ್ಗಿದವರು ಇಂಥ ಹೊಂಡಗಳಲ್ಲಿ ಜೀವ ಬಿಟ್ಟಿದ್ದಾರೆ. ಸುತ್ತ ತಂತಿಬೇಲಿ, ಬೀಗ ಹಾಕುವ ಗೇಟು, ನಾಲ್ಕೂ ಬದಿಗೆ ಗಂಟು ಹಾಕಿದ ದಪ್ಪ ಹಗ್ಗ, ತೇಲುವ ಒಂದೆರಡು ಟ್ಯೂಬು, ಇವನ್ನು ಹಾಳೆಯ ಖರ್ಚಿನೊಳಗೇ ಲೆಕ್ಕ ಹಿಡಿಯಿರಿ. 21 ಮೀಟರ್ ಬಾಯಿ, 3 ಮೀಟರ್ ಆಳದ ಹೊಂಡ ತುಂಬಿದರೆ ಸುಮಾರು 9.8 ಲಕ್ಷ ಲೀಟರ್ ನೀರು. ಎಕರೆಗೆ 3 ಸೆಂಟಿಮೀಟರಿನಂತೆ ತುಂತುರಿನಲ್ಲಿ ಕೊಟ್ಟರೆ ಎಕರೆಗೆ 1.2 ಲಕ್ಷ ಲೀಟರ್. ಆವಿಗೆ ಹೋದದ್ದು ಕಳೆದೂ ಐದಾರು ಎಕರೆ ಕಡಲೆಗೆ ಒಂದು ನೀರು ಖಾತ್ರಿ. ಮೇ ಮುಗಿಯುವ ಮೊದಲು ನೆಲ ಸರಿಪಡಿಸಿ, ಸರಿಯಾಗಿ ಅಳೆದು ಹಾಸಿದವರಿಗೆ ಬರುವ ಮಳೆಗಾಲದಲ್ಲೇ ಅದು ದಕ್ಕುತ್ತದೆ.